ಗರಸು ನೆಲ ಬಂಜರಲ್ಲ: ಅಮೃತಮಹಲ್ ಕಾವಲುಗಳ ಋತು ವಿಂಗಡಣೆ ಮತ್ತು ಮಣ್ಣಿನ ಯೋಗ್ಯತೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳ (ಸರ್ಕಾರಿ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳ) ಸುಮಾರು 10,000 ಎಕರೆ ನೆಲವನ್ನು 2009-10ರ ಹೊತ್ತಿಗೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ ಮತ್ತು ಅಣುಶಕ್ತಿ ಸಂಸ್ಥೆಗಳಿಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ ಹಾಗೂ ಇತರರಿಗೆ ಹಂಚಲಾಯಿತು. ವಿಜ್ಞಾನ ಸಂಸ್ಥೆಯೊಂದಕ್ಕೇ ಕುದಾಪುರದ ಬಳಿ 1,500 ಎಕರೆ ದೊರೆಯಿತು. ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದ ಈ ಪ್ರಕರಣದಿಂದಾಗಿ ಹುಲ್ಲುಗಾವಲಿನ ಕಾನೂನು ಸ್ಥಾನಮಾನ, ದನಗಾಹಿಗಳ ಹಕ್ಕು, ವನ್ಯಜೀವಿಗಳ ನೆಲೆ ಇವೆಲ್ಲ ಸಾರ್ವಜನಿಕ ಚರ್ಚೆಗೆ ಬಂದವು. ಆದರೆ ಮಣ್ಣಿನ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆದಿಲ್ಲ. ಈ ನೆಲ ಯಾವುದಕ್ಕೆ ಯೋಗ್ಯ ಎಂಬ ಪ್ರಶ್ನೆಗೆ ಕಾವಲುಗಳ ಹಳೆಯ ಆಡಳಿತ ವ್ಯವಸ್ಥೆಯೊಳಗೇ ಒಂದು ಉತ್ತರ ಅಡಗಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

1

ಒಪ್ಪಿತ ಸಂಗತಿಗಳನ್ನು ಮೊದಲು ಸಂಗ್ರಹಿಸಬಹುದು. ಚಳ್ಳಕೆರೆ ರಾಜ್ಯದ ಅತ್ಯಂತ ಒಣ ತಾಲ್ಲೂಕುಗಳಲ್ಲೊಂದು. ಇಲ್ಲಿನ ವಾರ್ಷಿಕ ಮಳೆ 500 ಮಿ.ಮೀ. ಆಸುಪಾಸಿನದು. ಮುಂಗಾರು ಇಲ್ಲಿ ದುರ್ಬಲ. ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ದಿಣ್ಣೆಗಳ ಮೇಲೆ ಬೆಣಚುಕಲ್ಲಿನ ಚೂರು ತುಂಬಿದ ತೆಳು ಕೆಂಪು ಗರಸು, ಇಳಿಜಾರಿನ ಬುಡದಲ್ಲಿ ಮಸಬು, ತಗ್ಗಿನಲ್ಲಿ ಸುಣ್ಣಕಲ್ಲಿನ ಹರಳು ಬೆರೆತ ಎರೆ, ನೀರು ಬಸಿಯದ ಕಡೆ ಚೌಳು: ಇದು ಇಲ್ಲಿನ ಮಣ್ಣುಗಳ ಸಾಮಾನ್ಯ ಅನುಕ್ರಮ. ವೇದಾವತಿಯ ಜಾಡು ಹಿಡಿದು ಗಡಿ ದಾಟಿ ಅನಂತಪುರ ಜಿಲ್ಲೆಯ ರಾಯದುರ್ಗದ ಕಡೆಗೆ ಹೋದರೂ ಬಹುಮಟ್ಟಿಗೆ ಇದೇ ನೋಟ. ಅಲ್ಲಿ ನದಿಯ ಮರಳು ಗಾಳಿಗೆ ಹಾರಿ ಹೊಲಗಳನ್ನು ಮುಚ್ಚುವ ಸಮಸ್ಯೆಯೂ ಸೇರಿಕೊಳ್ಳುತ್ತದೆ.

ಇಂಥ ನೆಲವನ್ನು ಅಳೆಯಲು ನಮ್ಮಲ್ಲಿ ಬಳಕೆಯಲ್ಲಿರುವ ಮುಖ್ಯ ಮಾನದಂಡ ಭೂ ಸಾಮರ್ಥ್ಯ ವರ್ಗೀಕರಣ. ಅಮೆರಿಕದ ಕ್ಲಿಂಗೆಬೀಲ್ ಮತ್ತು ಮಾಂಟ್ಗೊಮರಿ 1961ರಲ್ಲಿ ಅದಕ್ಕೆ ಅಂತಿಮ ರೂಪ ಕೊಟ್ಟರು. ಅದರ ಎಂಟು ವರ್ಗಗಳಲ್ಲಿ ಮೊದಲ ನಾಲ್ಕು ಉಳುಮೆಗೆ, ಐದರಿಂದ ಏಳು ಹುಲ್ಲು ಮತ್ತು ಮರಗಳಿಗೆ, ಎಂಟನೆಯದು ವನ್ಯಜೀವಿ ಮತ್ತು ಜಲಾನಯನ ರಕ್ಷಣೆಗೆ. ನಮ್ಮ ಮಣ್ಣು ಸಮೀಕ್ಷೆಯಲ್ಲಿ 25 ಸೆಂ.ಮೀ.ಗಿಂತ ಕಡಿಮೆ ಆಳದ್ದು ಅತಿ ತೆಳು ಮಣ್ಣು, 25ರಿಂದ 50 ಸೆಂ.ಮೀ.ನದು ತೆಳು ಮಣ್ಣು. ಕಾವಲಿನ ಗರಸು ಹೆಚ್ಚಾಗಿ ಈ ಎರಡು ಅಳತೆಗಳೊಳಗೇ ಬರುವುದರಿಂದ ಆರು ಅಥವಾ ಏಳನೇ ವರ್ಗಕ್ಕೆ ಇಳಿಯುತ್ತದೆ. ಈ ಇಳಿಕೆಯನ್ನೇ ಆಡಳಿತ ‘ಬಂಜರು’ ಎಂದು ಓದಿಕೊಂಡಿದೆ. ವರ್ಗೀಕರಣ ಹೇಳುವುದು ‘ಇದನ್ನು ಉಳಬೇಡಿ, ಮೇಯಿಸಿ’ ಎಂದು. ಉಳುಮೆಯ ಅಳತೆಗೋಲಿನಲ್ಲಿ ಕೆಳಗಿರುವ ನೆಲ ಎಲ್ಲ ಬಳಕೆಗೂ ಕೆಳಗಿನದು ಎಂಬ ತೀರ್ಮಾನಕ್ಕೆ ಅದರಲ್ಲಿ ಆಧಾರವಿಲ್ಲ.

2

ಆದರೆ ಈ ತಪ್ಪು ಓದಿಗೆ ಬೆಂಬಲವಾಗಿ ಒಂದು ವಿದ್ವತ್ ಸಿದ್ಧಾಂತವೂ ಇದೆ. ದಾಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಪ್ರಕಟಿಸಿದ ಭಾರತದ ಹುಲ್ಲು ಹೊದಿಕೆಯ ಸಮೀಕ್ಷೆ ಇಂದಿಗೂ ಈ ಕ್ಷೇತ್ರದ ಆಧಾರಗ್ರಂಥ. ದೇಶದ ಹುಲ್ಲುಗಾವಲುಗಳನ್ನು ಐದು ಬಗೆಯಾಗಿ ವಿಂಗಡಿಸಿದ ಅವರು ದಕ್ಷಿಣ ಪ್ರಸ್ಥಭೂಮಿಯನ್ನು ‘ಸೆಹಿಮಾ-ಡೈಕಾಂಥಿಯಮ್’ ಬಗೆಗೆ ಸೇರಿಸಿದರು. ಜೊತೆಗೆ, ಇಲ್ಲಿನ ಹುಲ್ಲುಗಾವಲು ಕಾಡು ಕ್ಷೀಣಿಸಿ ಉಂಟಾದ ಮಧ್ಯಂತರ ಘಟ್ಟ, ಮೇಯಿಸುವಿಕೆ ಮತ್ತು ಬೆಂಕಿ ಅದನ್ನು ಆ ಘಟ್ಟದಲ್ಲೇ ತಡೆದಿಟ್ಟಿವೆ ಎಂಬ ನಿಲುವನ್ನೂ ತಳೆದರು. ಚಾಂಪಿಯನ್ ಅವರ ಅರಣ್ಯ ವರ್ಗೀಕರಣದಿಂದ ಬಂದ ನೋಟವಿದು. ಇದನ್ನು ಒಪ್ಪಿದರೆ ಗರಸು ನೆಲ ಸವೆದುಹೋದ ಮಣ್ಣಿನ ಉಳಿಕೆಯಾಗುತ್ತದೆ. ಅಲ್ಲಿ ಗುಂಡಿ ತೋಡಿ ನೀಲಗಿರಿ ನೆಡುವುದು ಪುನಶ್ಚೇತನವಾಗುತ್ತದೆ.

ಬೆಂಗಳೂರಿನ ಜಯಶ್ರೀ ರತ್ನಂ ಮತ್ತು ಸಹೋದ್ಯೋಗಿಗಳು ಏಷ್ಯಾದ ಸವಾನಾಗಳ ಪ್ರಾಚೀನತೆಯನ್ನು ಎತ್ತಿಹಿಡಿದು ಈ ನೋಟವನ್ನು ಪ್ರಶ್ನಿಸಿದ್ದಾರೆ. ಮಧುಸೂದನ್ ಮತ್ತು ವನಕ್ ಅವರ 2023ರ ನಕಾಶೆ ಅರೆ ಶುಷ್ಕ ಬಯಲು ಪರಿಸರಗಳು ದೇಶದ ಸುಮಾರು ಶೇ. 10ರಷ್ಟು ನೆಲದಲ್ಲಿವೆ ಎಂದು ತೋರಿಸಿದೆ. ನನ್ನ ಆಕ್ಷೇಪ ಮಣ್ಣಿನ ಕಡೆಯಿಂದ ಬರುವಂಥದು. ಸೆಹಿಮಾ ಗರಸು ಇಳಿಜಾರನ್ನೂ ಡೈಕಾಂಥಿಯಮ್ ಆಳವಾದ ಸಮತಟ್ಟು ಮಣ್ಣನ್ನೂ ಹೆಚ್ಚು ಮೆಚ್ಚುತ್ತವೆ ಎಂದು ದಾಖಲಿಸಿದವರು ದಾಬಡ್‌ಘಾವ್ ಮತ್ತು ಶಂಕರನಾರಾಯಣ್ ಅವರೇ. ಹುಲ್ಲಿನ ಜಾತಿ ಮಣ್ಣಿನ ಬಗೆಯನ್ನು ಇಷ್ಟು ಕ್ರಮವಾಗಿ ಅನುಸರಿಸುವಾಗ, ಎಲ್ಲವೂ ಒಂದೇ ಕಾಡಿನ ಕಡೆಗೆ ಸಾಗುತ್ತಿರುವ ಘಟ್ಟಗಳು ಎಂಬ ವಿವರಣೆ ಸಾಕಾಗದು.

ಗರಸು ಸವಕಳಿಯ ಫಲವೇ ಎಂಬುದನ್ನು ಮಣ್ಣಿನ ಪದರ ರಚನೆಯಲ್ಲೇ ಪರೀಕ್ಷಿಸಬಹುದು. ಕೆಂಪು ಮಣ್ಣಿನಲ್ಲಿ ಮೇಲ್ಪದರದ ಕೆಳಗೆ ಜೇಡಿ ಶೇಖರವಾದ ಗಟ್ಟಿ ಪದರವಿರುತ್ತದೆ. ಆ ಪದರವೇ ಬಯಲಾಗಿ ನೆಲದ ಮೇಲೆ ಕಾಣುತ್ತಿದ್ದರೆ ಮೇಲ್ಮಣ್ಣು ಕೊಚ್ಚಿಹೋಗಿದೆ ಎನ್ನಬೇಕು. ತೆಳು ಮೇಲ್ಪದರದ ಕೆಳಗೆ ಜೇಡಿ ಪದರವಿಲ್ಲದೆ ನೇರವಾಗಿ ಕೊಳೆತ ಶಿಲೆ ಸಿಕ್ಕರೆ ಸವಕಳಿಯ ವಾದಕ್ಕೆ ಆ ಗುರುತು ಒದಗುವುದಿಲ್ಲ. ಅದು ಮೊದಲಿನಿಂದಲೂ ತೆಳುವಾಗಿಯೇ ಇದ್ದ ಮಣ್ಣಾಗಿರಬಹುದು. ಕಾವಲು ಪ್ರದೇಶದ ಮಣ್ಣುಗಳಲ್ಲಿ ಈ ಎರಡೂ ಬಗೆಗಳಿವೆ. ಹೀಗಾಗಿ ಇಡೀ ಕಾವಲನ್ನು ‘ಹಾಳಾದ ನೆಲ’ ಎನ್ನುವುದು ಎಷ್ಟು ತಪ್ಪೋ, ಸವಕಳಿಯೇ ಇಲ್ಲ ಎನ್ನುವುದೂ ಅಷ್ಟೇ ತಪ್ಪು.

3

ಇನ್ನು ವಿವಾದದ ತಿರುಳಿಗೆ ಬರಬಹುದು. ಮೈಸೂರಿನ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಸರ್ಕಾರಿ ದನಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. 1799ರ ನಂತರ ಅದು ಬ್ರಿಟಿಷರ ಕೈಸೇರಿತು. 1860ರಲ್ಲಿ ರದ್ದಾಗಿ 1866ರಲ್ಲಿ ಮತ್ತೆ ಆರಂಭವಾಯಿತು. ಈ ಏರಿಳಿತಗಳ ನಡುವೆಯೂ ಉಳಿದುಬಂದ ಒಂದು ವ್ಯವಸ್ಥೆಯೆಂದರೆ ಬೇಸಿಗೆ, ಮಳೆಗಾಲ, ಚಳಿಗಾಲ ಎಂಬ ಕಾವಲುಗಳ ಮೂರು ವಿಂಗಡಣೆ. ಬೇಸಿಗೆ ಕಾವಲುಗಳು ಹೆಚ್ಚಾಗಿ ಕೆರೆಯಂಗಳಗಳು. ಕಡು ಬೇಸಿಗೆಯಲ್ಲೂ ಅಲ್ಲಿ ಹಸಿರು ಹುಲ್ಲು, ನೀರು, ಮರದ ನೆರಳು ಇರುತ್ತಿದ್ದವು. ಜೂನಿನಲ್ಲಿ ಮುಂಗಾರು ಹಿಡಿದ ಮೇಲೆ ಅವನ್ನು ಮುಚ್ಚಿ ದನಗಳನ್ನು ಮಳೆಗಾಲದ ಕಾವಲುಗಳಿಗೆ ಹೊಡೆಯುತ್ತಿದ್ದರು. ಇದನ್ನು ಈವರೆಗೆ ಪಶುಪಾಲನೆಯ ಏರ್ಪಾಡು ಎಂದಷ್ಟೇ ನೋಡಲಾಗಿದೆ. ಇದು ಮಣ್ಣಿನ ಯೋಗ್ಯತೆಯ ವರ್ಗೀಕರಣವೂ ಹೌದು, ಋತುವನ್ನು ಅಳತೆಗೆ ಸೇರಿಸಿಕೊಂಡ ವರ್ಗೀಕರಣ ಎಂಬುದು ನನ್ನ ವಾದ: ಮಳೆಗಾಲಕ್ಕೆ ಗರಸು, ಬೇಸಿಗೆಗೆ ತಗ್ಗಿನ ಎರೆ.

ಜೂನಿನ ಒಂದು 12 ಮಿ.ಮೀ. ಮಳೆಯನ್ನು ಎರಡು ಮಣ್ಣುಗಳ ಮೇಲೆ ಸುರಿಸಿ ಲೆಕ್ಕ ಹಾಕೋಣ. ಅರ್ಧದಷ್ಟು ಕಲ್ಲುಚೂರಿರುವ ಗರಸಿನಲ್ಲಿ ಗಿಡಕ್ಕೆ ದಕ್ಕುವ ನೀರಿನ ಪಾಲು ಒಟ್ಟು ಗಾತ್ರದ ಶೇ. 6 ಎಂದಿಟ್ಟುಕೊಂಡರೆ ಆ ಮಳೆ 20 ಸೆಂ.ಮೀ. ಆಳಕ್ಕೆ ಇಳಿಯುತ್ತದೆ. ಎರೆಯಲ್ಲಿ ಆ ಪಾಲು ಶೇ. 20 ಎಂದರೆ ತೇವ ನಿಲ್ಲುವುದು 6 ಸೆಂ.ಮೀ.ನಲ್ಲಿ. ಬಿಸಿಲು ಮೊದಲು ಹೀರುವುದು ಆ ಮೇಲಿನ ಪದರವನ್ನೇ. ಸಾಲದ್ದಕ್ಕೆ ಒಣಗಿದ ಎರೆ ಬೇರಿಗೆ ಬಿಟ್ಟುಕೊಡದಷ್ಟು ಬಿಗಿಯಾಗಿ ಒಂದಿಷ್ಟು ನೀರನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹದವಲ್ಲದ ಮಳೆಗೂ ಮೊದಲು ಚಿಗುರುವುದು ಗರಸಿನ ಹುಲ್ಲು. ಸೆಪ್ಟೆಂಬರಿನ ಭಾರೀ ಮಳೆಯ ನಂತರ ಲೆಕ್ಕ ತಲೆಕೆಳಗಾಗುತ್ತದೆ. 25 ಸೆಂ.ಮೀ. ಗರಸು ಹಿಡಿದಿಡಬಲ್ಲದ್ದು 15 ಮಿ.ಮೀ. ಮಾತ್ರ, ದಿನಕ್ಕೆ 5 ಮಿ.ಮೀ. ಆವಿಯಾದರೆ ಮೂರು ದಿನದ ದಾಸ್ತಾನು. ಒಂದು ಮೀಟರ್ ಎರೆ 200 ಮಿ.ಮೀ. ಹಿಡಿದು ಅದೇ ದರದಲ್ಲಿ 40 ದಿನ ನಡೆಸುತ್ತದೆ. ಗರಸು ದಿನಗೂಲಿಯಾದರೆ ಎರೆ ಕಣಜ.

ಒಣ ಸೀಮೆಗಳಲ್ಲಿ ಉರುಟು ಮಣ್ಣೇ ಸಸ್ಯಗಳಿಗೆ ಹೆಚ್ಚು ಅನುಕೂಲ ಎಂದು ನಾಯ್-ಮೇಯರ್ 1973ರಲ್ಲಿ ವಿವರಿಸಿದರು. ಈ ಅನುಕೂಲ ತಿರುಗುಮುರುಗಾಗುವ ಮಿತಿ ಅವರ ಪ್ರಕಾರ ವರ್ಷಕ್ಕೆ 300ರಿಂದ 500 ಮಿ.ಮೀ. ಮಳೆ. ಚಳ್ಳಕೆರೆ ನಿಂತಿರುವುದು ಸರಿಯಾಗಿ ಆ ಮಿತಿಯ ಅಂಚಿನಲ್ಲಿ. ವರ್ಷದ ಆರಂಭದ ಸಣ್ಣ ಮಳೆಗಳಲ್ಲಿ ಗರಸು, ಹಿಂಗಾರಿನ ನಂತರ ಎರೆ ಮೇಲುಗೈ ಪಡೆಯುತ್ತವೆ ಎಂಬುದಕ್ಕೆ ಇದು ಹೊಂದುತ್ತದೆ. ದನದ ಗೊರಸಿನ ಸಾಕ್ಷ್ಯವೂ ಇದೇ ದಿಕ್ಕಿನದು: ನೆನೆದ ಎರೆಯಲ್ಲಿ ಕಾಲು ಹೂತು ಮಣ್ಣು ಮಿದ್ದು ಗಟ್ಟಿಯಾಗುತ್ತದೆ, ಹುಲ್ಲಿನ ಬುಡ ಕೀಳುತ್ತದೆ, ಗರಸು ಮಳೆಯಲ್ಲೂ ಗಟ್ಟಿ ನೆಲವಾಗಿಯೇ ಇರುತ್ತದೆ.

ಈ ವಾದಕ್ಕೆ ಮಿತಿಗಳನ್ನು ಹಾಕಲೇಬೇಕು. ಮೊದಲನೆಯದಾಗಿ, ಮೇಲಿನ ಪ್ರಮಾಣಗಳು ಮಾದರಿ ಲೆಕ್ಕಗಳು. ಬಿರುಕು ಬಿಟ್ಟ ಎರೆಯಲ್ಲಿ ಮೊದಲ ಮಳೆ ಬಿರುಕಿನೊಳಗಿಂದ ಆಳಕ್ಕೆ ಹೋಗಬಹುದು. ಎರಡನೆಯದಾಗಿ, ಬೇಸಿಗೆ ಕಾವಲನ್ನು ಆರಿಸಲು ಮಣ್ಣಿಗಿಂತ ನೀರೇ ಕಾರಣವಾಗಿರಬಹುದು. ಕೆರೆ ಕಟ್ಟುವುದು ತಗ್ಗಿನಲ್ಲಿ, ಆಳವಾದ ಮಣ್ಣು ಸೇರುವುದೂ ತಗ್ಗಿನಲ್ಲಿ. ಎರಡನ್ನೂ ಬೇರ್ಪಡಿಸುವುದು ಕಷ್ಟ. ಮೂರನೆಯದಾಗಿ, ಹಿಂಡುಗಳು ಜಿಲ್ಲೆಯಿಂದ ಜಿಲ್ಲೆಗೆ ಸಾಗುತ್ತಿದ್ದವು. ಅವುಗಳ ದಾರಿಯಲ್ಲಿ ಮಣ್ಣಿನಷ್ಟೇ ಮಳೆಯ ಪ್ರಾದೇಶಿಕ ವ್ಯತ್ಯಾಸವೂ ಕೆಲಸ ಮಾಡಿರಬೇಕು. ಅಂತೆಯೇ ಅಮೃತಮಹಲಿನ ಅಧಿಕಾರಿಗಳು ಮಣ್ಣನ್ನು ಅಳೆದು ಕಾವಲನ್ನು ಹೆಸರಿಸಿದರು ಎಂದು ನಾನು ಹೇಳುತ್ತಿಲ್ಲ. ಮಣ್ಣು ಯಾವ ತಿಂಗಳಲ್ಲಿ ಏನು ಕೊಡುತ್ತದೆ ಎಂಬ ಅನುಭವ ಆ ವಿಂಗಡಣೆಯಲ್ಲಿ ಸಂಚಯವಾಗಿದೆ ಎಂಬುದಷ್ಟೇ ನನ್ನ ಮಾತು. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೂ ಕಂಬಳಿ ಕುರಿ ಸಾಕುವ ಕುರುಬರಿಗೂ ಈ ಅನುಭವ ಇಂದಿಗೂ ಜೀವನಾಧಾರ.

4

ವಾದ ನಿಂತರೆ ಅದರ ಪರಿಣಾಮ ಪ್ರಾಯೋಗಿಕವಾದದ್ದು. 1976ರ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಚೌಕಟ್ಟು ಯೋಗ್ಯತೆಯನ್ನು ನಿರ್ದಿಷ್ಟ ಬಳಕೆಗೆ ಸಂಬಂಧಿಸಿಯೇ ಹೇಳಬೇಕೆಂದಿತು. ಅದೇ ಸಂಸ್ಥೆಯ 1991ರ ಮೇವು ನೆಲದ ಮಾರ್ಗಸೂಚಿ ಹುಲ್ಲಿನ ಇಳುವರಿ, ಜಾನುವಾರಿನ ಇಳುವರಿ ಎರಡನ್ನೂ ತೂಗಲು ಹೇಳಿತು. ರಾಜ್ಯದ ಜಲಾನಯನ ಯೋಜನೆಯಾದ ಸುಜಲ-3ರಲ್ಲಿ ನಡೆದ ಭೂಸಂಪನ್ಮೂಲ ಸಮೀಕ್ಷೆ ಹೊಲ ಹೊಲದ ಮಣ್ಣನ್ನು ದಾಖಲಿಸುವ ದಾರಿ ತೋರಿದೆ. ಅದೇ ಬಗೆಯ ದಾಖಲೆಯಲ್ಲಿ ಗರಸಿಗೆ ‘ಬೆಳೆಗೆ ಅಯೋಗ್ಯ’ ಎಂಬ ಷರಾ ಸಾಲದು. ‘ಮಳೆಗಾಲದ ಮೇವಿಗೆ ಯೋಗ್ಯ’ ಎಂಬುದೂ ಸೇರಬೇಕು. ಗರಸನ್ನು ಕಳೆದುಕೊಂಡರೆ ಮುಂಗಾರಿನಲ್ಲಿ ದನ ಎರೆಗೆ ಇಳಿಯುತ್ತದೆ. ಬೇಸಿಗೆಯ ಮೇವು ಜುಲೈನಲ್ಲೇ ತುಳಿತಕ್ಕೆ ಸಿಗುತ್ತದೆ. ಒಂದು ಬಗೆಯ ನೆಲದ ನಷ್ಟ ಇನ್ನೊಂದರ ಯೋಗ್ಯತೆಯನ್ನೂ ಕೆಡಿಸುತ್ತದೆ ಎಂಬುದನ್ನು ಎಕರೆ ಲೆಕ್ಕದ ಹಂಚಿಕೆ ಕಾಣಲಾರದು.

ಎರಡು ಕೆಲಸಗಳು ಬಾಕಿಯಿವೆ. ಹಳೆಯ ಕಾವಲು ಪಟ್ಟಿಗಳನ್ನು ಮಣ್ಣಿನ ನಕಾಶೆಯ ಮೇಲೆ ಕಾವಲು ಕಾವಲಾಗಿ ಹೊಂದಿಸಬೇಕು. ಮಳೆಗಾಲದ ಕಾವಲುಗಳಲ್ಲಿ ಗರಸಿನ ಪಾಲು ಎದ್ದು ಕಾಣದಿದ್ದರೆ ಇಲ್ಲಿನ ವಾದ ಬಿದ್ದುಹೋಗುತ್ತದೆ. ಇನ್ನೊಂದು, ಮಣ್ಣಿನ ಆಳದ ಸಾವಯವ ಇಂಗಾಲದ ಐಸೊಟೋಪ್ ಪರೀಕ್ಷೆ. ಉಷ್ಣವಲಯದ ಹುಲ್ಲಿನಿಂದ ಬಂದ ಇಂಗಾಲ ಸಾವಿರಕ್ಕೆ -12ರ ಹತ್ತಿರ, ಮರಗಿಡಗಳದ್ದು -27ರ ಹತ್ತಿರ ಇರುವುದರಿಂದ, ಇಲ್ಲಿ ಮೊದಲು ಕಾಡಿತ್ತೇ ಹುಲ್ಲಿತ್ತೇ ಎಂಬ ಪ್ರಶ್ನೆಗೆ ಅದು ಸಾಕ್ಷ್ಯ ಕೊಡಬಲ್ಲದು. ಬಳ್ಳಾರಿ, ರಾಯಚೂರು ಸೀಮೆಯ ನವಶಿಲಾಯುಗದ ಬೂದಿದಿಬ್ಬಗಳು ದನಗಾಹಿ ಬದುಕಿನ ಪ್ರಾಚೀನತೆಯನ್ನು ತೋರಿಸುತ್ತವೆಯೇ ಹೊರತು ಆ ಪ್ರಶ್ನೆಯನ್ನು ಇತ್ಯರ್ಥಗೊಳಿಸುವುದಿಲ್ಲ. ಈ ಪರೀಕ್ಷೆಗಳು ಮುಗಿಯುವವರೆಗೆ ಗರಸು ನೆಲವನ್ನು ಬಂಜರು ಪಟ್ಟಿಯಲ್ಲಿ ಇಡಲು ಮಣ್ಣು ವಿಜ್ಞಾನದ ಸಮ್ಮತಿಯಿದೆ ಎಂದು ಯಾರೂ ಹೇಳಲಾಗದು.