ಹುತ್ತದೊಳಗಿನ ತಂಪು: ಸಾಕು ಸರೀಸೃಪಗಳ ಗೂಡಿಗೆ ತೇವ ಬಂದ ದಾರಿ

ಹೊಲದ ಬದುವಿನಲ್ಲೋ ಕಲ್ಲುಗುಡ್ಡೆಯ ಸಂದಿಯಲ್ಲೋ ಹಾವಿನ ಪೊರೆ ಕಂಡವರು ಒಂದು ಸಂಗತಿ ಗಮನಿಸಿರುತ್ತಾರೆ. ಅದು ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ, ಒಳಮಗ್ಗುಲು ಹೊರಗಾಗಿ ಕಳಚಿಕೊಂಡಿರುತ್ತದೆ. ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಗಾಜಿನ ಬಟ್ಟಲುಗಳಂಥವೂ ಇರುತ್ತವೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವ ಆ ಪಾರದರ್ಶಕ ಹೊದಿಕೆಯೂ ಪ್ರತಿಸಲ ಪೊರೆಯ ಜೊತೆಗೇ ಕಳಚಬೇಕು.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ನಾನು ನೋಡಿದ ಪೊರೆ ಹಾಗಿರಲಿಲ್ಲ. ಅವರ ಬಾಲ್ ಪೈಥಾನ್ ಹಾವಿನ ಮೈಮೇಲೆ ಅದು ಹಳೆಯ ಸುಣ್ಣದ ಗೋಡೆಯಂತೆ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಎಡಗಣ್ಣಿನ ಮೇಲೆ ಮಂಜು ಹಿಡಿದಂತೆ ಹಳೆಯ ಹೊದಿಕೆ ಅಂಟಿಕೊಂಡಿತ್ತು. ಬಗ್ಗಿ ನೋಡಿದರೆ ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಸುಕ್ಕು. ಗಾಜಿನ ಪೆಟ್ಟಿಗೆಯ ಮೇಲೆ ಜಾಲರಿ ಮುಚ್ಚಳ, ಅದರ ಮೇಲೊಂದು ಬಿಸಿ ಬಲ್ಬು, ಒಳಗೋಡೆಗೆ ಅಂಟಿಸಿದ ಮುಳ್ಳಿನ ಮಾಪಕ. ಮಾಪಕ ಶೇಕಡಾ 60 ಎನ್ನುತ್ತಿತ್ತು. ಗೆಳೆಯರು ಅದನ್ನು ನಂಬಿದ್ದರು. ಹಾವಿನ ಮೈ ಬೇರೆಯದೇ ಮಾತು ಹೇಳುತ್ತಿತ್ತು.

ಈ ತೊಡಕಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಕಲಿಕೆಯಿದೆ. ಅದು ಶುರುವಾದದ್ದು ಹಾವಿನಿಂದಲ್ಲ, ಒಂದು ಜರಿಗಿಡದಿಂದ.

ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ 1829ರ ಸುಮಾರಿಗೆ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಮುಚ್ಚಿದ ಗಾಜಿನ ಸೀಸೆಯಲ್ಲಿ ಇಟ್ಟಿದ್ದ. ಅವನ ಮನೆಯಂಗಳದಲ್ಲಿ ಹೊಗೆಗೆ ಬದುಕಲಾರದ ಜರಿಗಿಡ ಆ ಸೀಸೆಯೊಳಗೆ ತಾನಾಗಿ ಮೊಳೆಯಿತು. ಹಗಲು ಮಣ್ಣಿನಿಂದ ಏಳುವ ಆವಿ ಗಾಜಿಗೆ ತಗುಲಿ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ವಾರ್ಡ್ 1842ರಲ್ಲಿ ಇದನ್ನು ಪುಸ್ತಕವಾಗಿ ಬರೆದ. ಅವನ ಪೆಟ್ಟಿಗೆಗಳಲ್ಲಿ ಗಿಡಗಳು ಸಾಗರ ದಾಟಿದವು. ಇಂದಿನ ಟೆರೇರಿಯಂಗೆ ಮೂಲವೂ ಅದೇ.

ಲಂಡನ್ ಮೃಗಾಲಯ 1849ರಲ್ಲಿ ಸಾರ್ವಜನಿಕರಿಗೆ ಸರೀಸೃಪಗಳ ಮನೆಯನ್ನು ತೆರೆಯಿತು. ಆ ಕಾಲದ ದೊಡ್ಡ ಚಿಂತೆ ಚಳಿ. 1927ರಲ್ಲಿ ಅಲ್ಲೇ ಎದ್ದ ಹೊಸ ಕಟ್ಟಡವನ್ನು ರೂಪಿಸಿದ ಜೋನ್ ಬೀಚಮ್ ಪ್ರಾಕ್ಟರ್ ಎಂಬ ಮಹಿಳೆ ಒಂದೊಂದು ಗೂಡಿಗೂ ಬೇರೆ ಬೇರೆ ಮಟ್ಟದಲ್ಲಿ ವಿದ್ಯುತ್ ಶಾಖ ಕೊಡಿಸಿದರು, ಅತಿನೇರಳೆ ಕಿರಣ ಒಳಬಿಡುವ ವಿಶೇಷ ಗಾಜು ಹಾಕಿಸಿದರು. 1944ರಲ್ಲಿ ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಮರುಭೂಮಿಯ ಸರೀಸೃಪಗಳು ಬಿಸಿಲು ನೆರಳುಗಳ ನಡುವೆ ಓಡಾಡಿಯೇ ಮೈಬಿಸಿಯನ್ನು ಹದವಾಗಿಟ್ಟುಕೊಳ್ಳುತ್ತವೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ಒಳ್ಳೆಯ ಗೂಡೆಂದರೆ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಎಂಬುದು ಸಾಕುವವರ ಮೊದಲ ಪಾಠವಾಯಿತು.

ಪಾಠ ಸರಿಯೇ. ಆದರೆ ಶಾಖ ತಂದವರು ಜೊತೆಗೆ ಬರವನ್ನೂ ತಂದರು, ಅದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಲೆಕ್ಕ ಸರಳ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಶೇಕಡಾ 80ರಷ್ಟು ತೇವ ಇರುವ 20 ಡಿಗ್ರಿಯ ಗಾಳಿಯನ್ನು, ಒಂದು ಹನಿ ನೀರೂ ತೆಗೆಯದೆ, 30 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇಕಡಾ 45ರ ಆಸುಪಾಸಿಗೆ ಇಳಿಯುತ್ತದೆ. ಬಿಸಿ ಗಾಳಿ ಮೇಲಕ್ಕೇರಿ ಜಾಲರಿಯಿಂದ ಹೊರಹೋದರೆ ಆವಿಯನ್ನೂ ಒಯ್ಯುತ್ತದೆ. ಗೆಳೆಯರ ಮನೆಯಲ್ಲಿ ಆಗಿದ್ದು ಇದೇ.

ಇದು ಇಷ್ಟು ಕಾಲ ಮರೆಯಾಗಿರಲು ಒಂದು ನಂಬಿಕೆ ಕಾರಣ. ಹುರುಪೆಯ ಚರ್ಮ ನೀರನ್ನು ಬಿಡುವುದಿಲ್ಲ, ಸರೀಸೃಪ ಕಳೆದುಕೊಳ್ಳುವ ನೀರೆಲ್ಲ ಉಸಿರಿನಿಂದಲೇ ಎಂದು ಪಂಡಿತರೂ ನಂಬಿದ್ದರು. 1966ರಲ್ಲಿ ಬೆಂಟ್ಲಿ ಮತ್ತು ಕ್ನುಟ್ ಶ್ಮಿಟ್-ನೀಲ್ಸನ್ ಅಳೆದು ನೋಡಿದರು. ಮರುಭೂಮಿಯ ಚಕ್‌ವಾಲಾ ಹಲ್ಲಿಯಲ್ಲಿ ಕೂಡ ಆವಿಯಾಗಿ ಹೋಗುವ ನೀರಿನ ಹೆಚ್ಚಿನ ಪಾಲು ಚರ್ಮದ ದಾರಿಯಲ್ಲೇ ಹೋಗುತ್ತಿತ್ತು. ತೇವದ ನಾಡಿನ ಪ್ರಾಣಿಗಳಲ್ಲಿ ಈ ಸೋರಿಕೆ ಇನ್ನೂ ಹಲವು ಪಟ್ಟು ಜಾಸ್ತಿ.

ಹಾಗಾದರೆ ಇದ್ದಷ್ಟು ನೀರನ್ನು ತಡೆಯುವುದು ಏನು? ಹುರುಪೆಯೇ ಇರಬೇಕೆಂದು ಯಾರಿಗಾದರೂ ತೋಚುತ್ತದೆ. 1972ರಲ್ಲಿ ಪಾಲ್ ಲಿಕ್ಟ್ ಮತ್ತು ಆಲ್ಬರ್ಟ್ ಬೆನೆಟ್ ಅವರಿಗೆ ಹುಟ್ಟಿನಿಂದಲೇ ಹುರುಪೆಯಿಲ್ಲದ ಗೋಫರ್ ಹಾವೊಂದು ಸಿಕ್ಕಿತು. ಅದೂ ಹುರುಪೆ ಇರುವ ಹಾವಿಗಿಂತ ಹೆಚ್ಚು ನೀರು ಕಳೆದುಕೊಳ್ಳಲಿಲ್ಲ. 1980ರಲ್ಲಿ ರಾಬರ್ಟ್ಸ್ ಮತ್ತು ಹಾರ್ವಿ ಲಿಲ್ಲಿವೈಟ್ ಹಾವಿನ ಪೊರೆಯಿಂದ ಕೊಬ್ಬಿನಂಶ ತೆಗೆದು ನೋಡಿದಾಗ ನೀರಾವಿ ಸರಾಗವಾಗಿ ಹಾಯತೊಡಗಿತು. ಚರ್ಮದೊಳಗಿನ ಜಿಡ್ಡಿನ ತೆಳು ಪದರವೇ ಅಣೆಕಟ್ಟು. ಈ ಮೂರು ಪ್ರಯೋಗಗಳಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ನೀರಿನ ಬಟ್ಟಲು ತುಂಬಿದ್ದರೂ ಒಣಗಾಳಿಯಲ್ಲಿ ಹಾವು ದಿನದಿನಕ್ಕೆ ಸೊರಗಬಲ್ಲದು ಎಂಬುದಕ್ಕೆ ಆಧಾರ ಇವುಗಳಲ್ಲಿದೆ.

ಮುಂದಿನ ತಿರುವು ಕಾಡಿನಿಂದ ಬಂತು. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನ ಹಾವು. ಹುಲ್ಲುಗಾವಲು ಒಣ ನಾಡು, ಆದ್ದರಿಂದ ಹಾವಿಗೂ ಒಣ ಗೂಡೇ ಸಾಕು ಎಂದು ಎಷ್ಟೋ ಜನ ಎಣಿಸಿದ್ದರು. ಆದರೆ ಅದು ಹಗಲು ಕಳೆಯುವುದು ಇಲಿಯ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ. ಹುತ್ತಕ್ಕೂ ಹಾವಿಗೂ ಇರುವ ನಂಟನ್ನು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. ಕಡುಬೇಸಿಗೆಯಲ್ಲಿ ಹೊರಮೈ ಕಲ್ಲಿನಂತೆ ಒಣಗಿದ್ದರೂ ಹುತ್ತದ ಒಳಗೆ ಗೆದ್ದಲು ತೇವ ಕಾಪಾಡಿಕೊಂಡಿರುತ್ತದೆ. ನಮ್ಮ ಉಡ ಹುತ್ತದೊಳಗೆ ಮೊಟ್ಟೆಯಿಡುವುದೂ ಇದೇ ತೇವ, ಇದೇ ಹದ ಬಿಸಿ ನಂಬಿ. ಒಂದು ಊರಿನ ಹವಾಮಾನ ವರದಿ ಅಲ್ಲಿನ ಹಾವು ಉಸಿರಾಡುವ ಗಾಳಿಯ ವರದಿಯಲ್ಲ ಎಂಬುದು ಸಾಕುವವರಿಗೆ ಅರಿವಾಗಲು ಬಹಳ ಕಾಲ ಹಿಡಿಯಿತು.

ಅರಿವಾದ ಮೇಲೆ ಬಂದ ಉಪಾಯ ಬಹಳ ಅಗ್ಗದ್ದು: ತೇವದ ಅಡಗುಗೂಡು. ಪ್ಲಾಸ್ಟಿಕ್ ಡಬ್ಬಿಯೊಂದರ ಬದಿಯಲ್ಲಿ ಪ್ರಾಣಿ ನುಗ್ಗುವಷ್ಟು ತೂತು ಕೊರೆದು, ಅಂಚು ಉಜ್ಜಿ ನುಣುಪು ಮಾಡಿ, ಹಿಂಡಿದ ಪಾಚಿ ತುಂಬಿ ಇಡುವುದು. ಅಫ್ಘಾನಿಸ್ತಾನ, ಪಾಕಿಸ್ತಾನದ ಒಣ ಕಲ್ಲುನಾಡಿನ ಲೆಪರ್ಡ್ ಗೆಕ್ಕೊ ಹಲ್ಲಿಗೂ ಇದು ಬೇಕು. ಇಲ್ಲದಿದ್ದರೆ ಬೆರಳ ತುದಿಯಲ್ಲಿ ಹಳೆ ಚರ್ಮ ಉಂಗುರದಂತೆ ಬಿಗಿದು ರಕ್ತ ನಿಂತು ಬೆರಳೇ ಉದುರಬಹುದು. ಗೂಡೆಲ್ಲ ಒದ್ದೆ ಮಾಡುವುದು ಬೇಡ, ಒಣ ಮೂಲೆಯೂ ಇರಲಿ, ಒದ್ದೆ ಮೂಲೆಯೂ ಇರಲಿ. ಆಯ್ಕೆ ಪ್ರಾಣಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ಈ ಕ್ಷೇತ್ರ ಕಂಡ ಅತಿ ದೊಡ್ಡ ಸುಧಾರಣೆ ಈ ಡಬ್ಬಿಯೇ.

ಆಮೆಗಳ ವಿಷಯದಲ್ಲಿ ಪುರಾವೆ ಬಂದದ್ದು 2003ರಲ್ಲಿ. ಮನೆಯಲ್ಲಿ ಬೆಳೆದ ನೆಲದಾಮೆಗಳ ಚಿಪ್ಪು ಗೋಪುರ ಗೋಪುರವಾಗಿ ಉಬ್ಬುವುದಕ್ಕೆ ಹೆಚ್ಚು ಪ್ರೋಟೀನಿನ ಆಹಾರ ಕಾರಣವೆಂದು ದೂರಲಾಗುತ್ತಿತ್ತು. ವೀಸ್ನರ್ ಮತ್ತು ಈಬೆನ್ ಆಫ್ರಿಕಾದ ಸಲ್ಕಾಟಾ ಆಮೆಯ 50 ಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಐದು ತಿಂಗಳು ಬೆಳೆಸಿದರು. ಒಣಗಾಳಿಯ ಮರಿಗಳ ಚಿಪ್ಪು ಉಬ್ಬಿತು, ತೇವದಲ್ಲಿ ಬೆಳೆದವು ನುಣುಪಾಗಿದ್ದವು. ಪ್ರೋಟೀನಿನ ಪಾತ್ರ ಅಲ್ಪ. ಇಲ್ಲೂ ಅದೇ ಗುಟ್ಟು: ಮರಿಗಳು ಕಾಡಿನಲ್ಲಿ ಪೊದೆಯ ಬುಡದಲ್ಲಿ, ಬಿಲದಲ್ಲಿ ಹುದುಗಿರುತ್ತವೆ.

ಅಳೆಯುವ ಸಾಧನದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿದೆ. ಸ್ವಿಸ್ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲು ತೇವಕ್ಕೆ ಉದ್ದವಾಗುವುದನ್ನೇ ಬಳಸಿದ ಮಾಪಕವನ್ನು ವಿವರಿಸಿದ್ದ. ಫಿನ್ಲೆಂಡಿನ ವೈಸಾಲಾ ಕಂಪನಿ 1973ರಲ್ಲಿ ತೆಳು ಪದರದ ವಿದ್ಯುತ್ ಸಂವೇದಕ ತಂದಿತು. ಇಂದಿನ ಅಗ್ಗದ ಡಿಜಿಟಲ್ ಮಾಪಕಗಳು ಅದೇ ದಾರಿಯವು. ಯಾವ ಮಾಪಕವನ್ನೂ ಪರೀಕ್ಷಿಸದೆ ನಂಬಬಾರದು. ಪರೀಕ್ಷೆಗೆ ಬೇಕಾದ್ದು ಅಡುಗೆಮನೆಯಲ್ಲೇ ಇದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಗಟ್ಟಿ ಗಂಜಿಯಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಟ್ಟರೆ ಒಳಗಿನ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಗೆಳೆಯರ ಮುಳ್ಳಿನ ಮಾಪಕವನ್ನೂ ಹಾಗೇ ಇಟ್ಟೆವು. ಬೆಳಿಗ್ಗೆಯೂ ಅದು 60ರಲ್ಲೇ ನಿಂತಿತ್ತು. ಪಕ್ಕದಲ್ಲಿಟ್ಟ ಡಿಜಿಟಲ್ ಮಾಪಕ 74 ತೋರಿಸಿತು. ಅದನ್ನು ಹಾವಿನ ಪೆಟ್ಟಿಗೆಗೆ ಇಳಿಸಿದರೆ ಬಲ್ಬಿನ ಕೆಳಗೆ 31.

ತೇವ ಬೇಕೆಂದು ಗೂಡನ್ನು ಕೆಸರು ಮಾಡುವುದು ಇನ್ನೊಂದು ತಪ್ಪು. ಗಾಳಿಯಾಡದ ಒದ್ದೆಯಲ್ಲಿ ಹೊಟ್ಟೆಯ ಹುರುಪೆಗಳಡಿ ಗುಳ್ಳೆಯೆದ್ದು ಕೊಳೆಯುತ್ತದೆ, ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ಗಾಳಿ ಓಡಾಡಬೇಕು, ತಳದಲ್ಲಿ ತೇವ ನಿಲ್ಲಬೇಕು, ಮೇಲ್ಪದರ ಒಣಗಿರಬೇಕು. ಇದಕ್ಕೆ ಜಗತ್ತಿನಾದ್ಯಂತ ಒದಗಿದ ವಸ್ತು ನಮ್ಮ ತೆಂಗಿನ ತೋಟದ್ದು ಎಂಬುದು ನನಗೆ ಖುಷಿಯ ವಿಷಯ. ನಾರು ಬಿಡಿಸಿದ ಮೇಲೆ ಉಳಿಯುವ ಹೊಟ್ಟು, ಅಂದರೆ ಕೊಕೊಪೀಟ್, ತನ್ನ ತೂಕದ ಹಲವು ಪಟ್ಟು ನೀರು ಹೀರಿ ನಿಧಾನವಾಗಿ ಬಿಡುತ್ತದೆ. ಈಚೆಗೆ ಅದಕ್ಕೆ ಒಣ ಎಲೆ, ಗಿಡ, ಕಸ ತಿನ್ನುವ ಪುಟ್ಟ ಜೀವಿಗಳನ್ನು ಸೇರಿಸಿ ಗೂಡನ್ನೇ ಕಾಡಿನ ನೆಲದಂತೆ ಮಾಡುವ ಪದ್ಧತಿ ಹಬ್ಬಿದೆ. ಗೋಸುಂಬೆ ಸಾಕುವವರು ಹಗಲಿಡೀ ನೀರು ಚಿಮುಕಿಸುವುದನ್ನು ಬಿಟ್ಟು, ರಾತ್ರಿ ತಂಪಿನಲ್ಲಿ ಮಂಜು ಹಾಯಿಸಿ ಹಗಲು ಒಣಗಲು ಬಿಡುತ್ತಿದ್ದಾರೆ. ಅಂದರೆ ಜಾಗದ ಜೊತೆಗೆ ಹೊತ್ತೂ ಲೆಕ್ಕಕ್ಕೆ ಬಂದಿದೆ.

ನಮ್ಮಲ್ಲಿ ಈ ಹವ್ಯಾಸ ಹೊಸದು, ಕೈಪಿಡಿಗಳೆಲ್ಲ ಚಳಿನಾಡಿನವು. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದಲ್ಲಿ ಗಾಳಿಯ ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಮಂಗಳೂರಿನ ಜುಲೈನಲ್ಲಿ 90 ಮುಟ್ಟುತ್ತದೆ. ಅದೇ ಹಾವಿಗೆ ಇಲ್ಲಿ ಜಾಲರಿಯ ಮುಕ್ಕಾಲು ಪಾಲು ಮುಚ್ಚಬೇಕು, ಅಲ್ಲಿ ಪೂರ್ತಿ ತೆರೆದಿಡಬೇಕು. ಒಂದೇ ಅಂಕಿಯನ್ನು ಎಲ್ಲರಿಗೂ ಹೇಳುವ ಸಲಹೆ ಇಲ್ಲಿ ಕೆಲಸಕ್ಕೆ ಬಾರದು.

ಗೆಳೆಯರು ಜಾಲರಿಯ ಬಹುಭಾಗ ಮುಚ್ಚಿ, ಪಾಚಿಯ ಡಬ್ಬಿ ಇಟ್ಟರು. ಅಂಟಿದ ಕಣ್ಣಿನ ಹೊದಿಕೆಯನ್ನು ಉಗುರಿನಿಂದ ಕೀಳಲು ಹೋಗಲಿಲ್ಲ. ಹಾಗೆ ಕಿತ್ತರೆ ಕಣ್ಣೇ ಹೋಗಬಹುದು, ಅದು ಪಶುವೈದ್ಯರ ಕೆಲಸ. ಮುಂದಿನ ಸಲ ಪೊರೆ ಇಡಿಯಾಗಿ ಬಂತು, ಎಡಗಣ್ಣಿನ ಜಾಗದಲ್ಲಿ ಹಳೆಯದೂ ಹೊಸದೂ ಸೇರಿ ಎರಡು ಪದರದ ಬಟ್ಟಲು.

ಸಾಕುವ ಆಸೆಯಿರುವವರಿಗೆ ಎರಡು ಮಾತು. ನಕ್ಷತ್ರ ಆಮೆ ಸೇರಿದಂತೆ ನಮ್ಮ ನಾಡಿನ ಕಾಡು ಸರೀಸೃಪಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಇಡುವಂತಿಲ್ಲ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯಾದರೆ 2024ರ ನಿಯಮಗಳಡಿ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಇನ್ನೊಂದು, ಪ್ರಾಣಿಯನ್ನು ತರುವ ಮೊದಲು ಗೂಡನ್ನು ಸಿದ್ಧಮಾಡಿ, ಉಪ್ಪಿನಲ್ಲಿ ಪರೀಕ್ಷಿಸಿದ ಎರಡು ಮಾಪಕಗಳನ್ನು ಬಿಸಿ ತುದಿಗೊಂದು, ಅಡಗುಗೂಡಿಗೊಂದು ಇಟ್ಟು, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಓದಿ ಬರೆದಿಡಿ. ಅಂಕಿಗಳು ಹದಕ್ಕೆ ಬರುವವರೆಗೆ ಗೂಡು ಖಾಲಿಯೇ ಇರಲಿ.