ಜಾಲಪುಟಗಳಿಂದ ಪಠ್ಯವನ್ನು ಹೊರತೆಗೆದು ಹೆಸರು ಹುಡುಕುವ ವಿಧಾನ: ಅರ್ಜಿದಾರರ ಮಾಹಿತಿಗಾಗಿ

1. ಉದ್ದೇಶ

ಸರ್ಕಾರದ ವಿವಿಧ ಇಲಾಖೆಗಳು ಫಲಾನುಭವಿಗಳ ಪಟ್ಟಿ, ನಿವೇಶನ ಹಂಚಿಕೆ ಪಟ್ಟಿ, ಆಯ್ಕೆ ಪಟ್ಟಿ ಹಾಗೂ ಆಕ್ಷೇಪಣೆಗಳನ್ನು ಆಹ್ವಾನಿಸುವ ಕರಡು ಪಟ್ಟಿಗಳನ್ನು ತಮ್ಮ ಜಾಲತಾಣಗಳಲ್ಲಿ ಪ್ರಕಟಿಸುತ್ತವೆ. ಇಂತಹ ಪಟ್ಟಿಗಳು ನೂರಾರು ಪುಟಗಳಷ್ಟು ದೀರ್ಘವಾಗಿರಬಹುದು. ಆದುದರಿಂದ ಅರ್ಜಿದಾರರು ಗಣಕಯಂತ್ರದ ಹುಡುಕುವ ಸೌಲಭ್ಯವನ್ನು ಬಳಸುವುದು ಸಹಜ. ಆದರೆ ಹುಡುಕಿದಾಗ ಹೆಸರು ದೊರೆಯದಿದ್ದಲ್ಲಿ, ಹೆಸರು ಪಟ್ಟಿಯಲ್ಲಿ ಇಲ್ಲವೆಂದೇ ಭಾವಿಸಿ ಸುಮ್ಮನಾಗುವ ಅಥವಾ ಅನಾವಶ್ಯಕವಾಗಿ ಹೊಸ ಅರ್ಜಿ ಸಲ್ಲಿಸುವ ಸಂದರ್ಭಗಳುಂಟು. ಆಕ್ಷೇಪಣೆಯ ಅವಧಿ ಮುಗಿದ ನಂತರ ಸತ್ಯಾಂಶ ತಿಳಿದರೆ ಪ್ರಯೋಜನವಾಗದು.

ಹುಡುಕಿದಾಗ ಸಿಗಲಿಲ್ಲ ಎಂಬುದು ಪಟ್ಟಿಯಲ್ಲಿ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಪರದೆಯ ಮೇಲೆ ಕಾಣುವ ಅಕ್ಷರವೇ ಬೇರೆ, ಕಡತದೊಳಗೆ ದಾಖಲಾಗಿರುವ ಸಂಕೇತವೇ ಬೇರೆ ಆಗಿರಬಹುದು. ಈ ವ್ಯತ್ಯಾಸವನ್ನು ಗುರುತಿಸಿ, ಪಠ್ಯವನ್ನು ಸರಿಯಾಗಿ ಹೊರತೆಗೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳನ್ನು ಬೆಂಗಳೂರು ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಪ್ರದೇಶಗಳಿಂದ ಆಯ್ದುಕೊಳ್ಳಲಾಗಿದೆ.

2. ಅವಶ್ಯವಿರುವ ಸಾಧನಗಳು

ಜಾಲಪುಟವು ಎಚ್.ಟಿ.ಎಂ.ಎಲ್. ಎಂಬ ಗುರುತು ಭಾಷೆಯಲ್ಲಿ ರಚಿತವಾಗಿರುತ್ತದೆ. ಓದುವ ಪಠ್ಯದ ಜೊತೆಗೆ ಶೀರ್ಷಿಕೆ, ಕೋಷ್ಟಕ, ಬಣ್ಣ ಮುಂತಾದವುಗಳನ್ನು ಸೂಚಿಸುವ ಗುರುತುಗಳು ಕೋನಾವರಣದೊಳಗೆ ಇರುತ್ತವೆ. ಈ ಗುರುತುಗಳನ್ನು ಬಿಟ್ಟು ಪಠ್ಯವನ್ನು ಮಾತ್ರ ಪಡೆಯಲು ಕೆಳಕಂಡ ಆದೇಶ ಸಾಲಿನ ಸಾಧನಗಳು ಉಚಿತವಾಗಿ ಲಭ್ಯವಿವೆ.

ಅ) ಕರ್ಲ್: ಸಿ, ಯು, ಆರ್, ಎಲ್ ಎಂಬ ನಾಲ್ಕು ಅಕ್ಷರಗಳ ಆದೇಶ. ಪುಟವನ್ನು ಜಾಲತಾಣದಿಂದ ತಂದು ಕಡತವಾಗಿ ಉಳಿಸುತ್ತದೆ. ವಿಂಡೋಸ್ 10ರ 2018ರ ಆವೃತ್ತಿಯಿಂದೀಚೆಗೆ ಇದು ಕಾರ್ಯಾಚರಣ ವ್ಯವಸ್ಥೆಯೊಡನೆಯೇ ಬರುತ್ತದೆ.

ಆ) ಲಿಂಕ್ಸ್: ಎಲ್, ವೈ, ಎನ್, ಎಕ್ಸ್ ಎಂದು ಬರೆಯಲಾಗುವ ಪಠ್ಯ ಬ್ರೌಸರ್. 1992ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಯಿತು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯೊಡನೆ ಇದನ್ನು ಗೊಂದಲ ಮಾಡಿಕೊಳ್ಳಬಾರದು.

ಇ) ಗ್ರೆಪ್: ಕಡತದಲ್ಲಿ ಕೋರಿದ ಪದವಿರುವ ಸಾಲುಗಳನ್ನು ಮಾತ್ರ ತೋರಿಸುತ್ತದೆ.

ಈ) ಸೆಡ್: ಪಠ್ಯದಲ್ಲಿನ ನಿರ್ದಿಷ್ಟ ಭಾಗವನ್ನು ಅಳಿಸಲು ಅಥವಾ ಬದಲಿಸಲು ಬಳಕೆಯಾಗುತ್ತದೆ.

3. ಅನುಸರಿಸಬೇಕಾದ ಕ್ರಮ

ಅ) ಮೊದಲಿಗೆ ಕರ್ಲ್ ಮೂಲಕ ಪುಟವನ್ನು ಕಡತವಾಗಿ ಉಳಿಸತಕ್ಕದ್ದು. ಪುಟವು ಬೇರೆ ವಿಳಾಸಕ್ಕೆ ವರ್ಗಾವಣೆಯಾಗಿದ್ದಲ್ಲಿ ಅದನ್ನು ಅನುಸರಿಸುವ ಆಯ್ಕೆಯನ್ನು, ಅಂದರೆ ದೊಡ್ಡ ಎಲ್ ಅಕ್ಷರವನ್ನು, ಸೇರಿಸತಕ್ಕದ್ದು. ಈ ಮೂಲ ಕಡತವನ್ನು ತಿದ್ದದೆ, ದಿನಾಂಕ ಸಹಿತ ಕಾಯ್ದಿರಿಸುವುದು ಸೂಕ್ತ.

ಆ) ಆ ಕಡತವನ್ನು ಲಿಂಕ್ಸ್‌ಗೆ ನೀಡಿ, ಡಂಪ್ ಎಂಬ ಆಯ್ಕೆಯ ಮೂಲಕ ಸರಳ ಪಠ್ಯ ಪಡೆಯಬಹುದು. ನೋಲಿಸ್ಟ್ ಆಯ್ಕೆಯಿಂದ ಕೊನೆಯಲ್ಲಿ ಬರುವ ಕೊಂಡಿಗಳ ಪಟ್ಟಿ ತಪ್ಪುತ್ತದೆ. ಪ್ರದರ್ಶನ ಸಂಕೇತವನ್ನು ಯು.ಟಿ.ಎಫ್.-8 ಎಂದು ನಿಗದಿಪಡಿಸತಕ್ಕದ್ದು.

ಇ) ಲಿಂಕ್ಸ್ ಸಾಮಾನ್ಯವಾಗಿ 80 ಅಕ್ಷರಗಳ ಅಗಲಕ್ಕೆ ಸಾಲನ್ನು ಮುರಿಯುತ್ತದೆ. ಇದರಿಂದ ಅರ್ಜಿದಾರರ ಹೆಸರಿನ ಅರ್ಧ ಒಂದು ಸಾಲಿನಲ್ಲಿಯೂ ಉಳಿದರ್ಧ ಮತ್ತೊಂದು ಸಾಲಿನಲ್ಲಿಯೂ ಬಂದು, ಗ್ರೆಪ್‌ಗೆ ಸಿಗದೇ ಹೋಗಬಹುದು. ವಿಡ್ತ್ ಆಯ್ಕೆಯಲ್ಲಿ 200 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆ ನೀಡುವುದು ಇದಕ್ಕೆ ಪರಿಹಾರ.

ಈ) ಸೆಡ್ ಒಂದರಿಂದಲೇ ಕೋನಾವರಣಗಳನ್ನು ಅಳಿಸುವ ಪದ್ಧತಿಯೂ ಇದೆ. ಆದರೆ ಅದರಿಂದ ಪುಟದೊಳಗಿನ ಸ್ಕ್ರಿಪ್ಟ್ ಮತ್ತು ವಿನ್ಯಾಸದ ಸಾಲುಗಳು ಪಠ್ಯದಲ್ಲಿಯೇ ಉಳಿಯುತ್ತವೆ. ಎರಡು ಸಾಲುಗಳಿಗೆ ವ್ಯಾಪಿಸಿದ ಗುರುತುಗಳೂ ಉಳಿಯುತ್ತವೆ. ಆದ್ದರಿಂದ ಪಟ್ಟಿಗಳಿಗೆ ಲಿಂಕ್ಸ್ ವಿಧಾನವೇ ಉತ್ತಮ.

ಉ) ಹೊರತೆಗೆದ ಪಠ್ಯದ ಮೊದಲ ಹತ್ತು ಸಾಲುಗಳನ್ನು ಹುಡುಕುವ ಮೊದಲೇ ಕಣ್ಣಿನಿಂದ ಪರಿಶೀಲಿಸತಕ್ಕದ್ದು. ಕನ್ನಡ ಅಕ್ಷರಗಳು ಕಂಡುಬಂದಲ್ಲಿ 5ನೇ ಕಂಡಿಕೆಯನ್ನೂ, ರೋಮನ್ ಅಕ್ಷರಗಳ ಅರ್ಥವಿಲ್ಲದ ಸರಣಿ ಕಂಡುಬಂದಲ್ಲಿ 4ನೇ ಕಂಡಿಕೆಯನ್ನೂ ನೋಡುವುದು. 3221 ಎಂಬಂತಹ ಸಂಖ್ಯೆಗಳ ಸಾಲು ಕಂಡುಬಂದಲ್ಲಿ ಅವು ಅಕ್ಷರಗಳ ಸಂಖ್ಯಾರೂಪಗಳು (3221 ಎಂದರೆ ‘ಕ’). ಲಿಂಕ್ಸ್ ಇವುಗಳನ್ನು ಅಕ್ಷರವಾಗಿ ಬಿಡಿಸುತ್ತದೆ, ಸೆಡ್ ತಾನಾಗಿ ಬಿಡಿಸುವುದಿಲ್ಲ.

4. ನುಡಿ ಮುಂತಾದ ಹಳೆಯ ಫಾಂಟುಗಳಲ್ಲಿರುವ ಪುಟಗಳು

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವು 2000ದ ದಶಕದಲ್ಲಿ ರಾಜ್ಯದ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದು, ಕಚೇರಿಗಳಲ್ಲಿ ಕನ್ನಡದ ಬೆರಳಚ್ಚಿಗೆ ನೆಲೆ ಒದಗಿಸಿತು. ಅಂದಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಸದರಿ ಫಾಂಟ್ ಇರುವ ಗಣಕಯಂತ್ರದಲ್ಲಿ ಪಠ್ಯವು ಕನ್ನಡವಾಗಿಯೇ ಕಾಣುತ್ತದೆ. ಪಠ್ಯವನ್ನು ಹೊರತೆಗೆದಾಗ ಫಾಂಟಿನ ಸಂಬಂಧ ಕಳಚಿ, ರೋಮನ್ ಸಂಕೇತಗಳು ಮಾತ್ರ ಉಳಿಯುತ್ತವೆ.

ಉದಾಹರಣೆಗೆ, ‘ಕನ್ನಡ’ ಎಂಬ ಪದವು ನುಡಿಯ ಹಳೆಯ ಸಂಕೇತದಲ್ಲಿ ಏಳು ಚಿಹ್ನೆಗಳಾಗಿ ದಾಖಲಾಗಿರುತ್ತದೆ: ಪಿ, ತಲೆಯ ಮೇಲೆ ಓರೆಗೆರೆಯುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ, ಪುನಃ ಓರೆಗೆರೆಯ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಪುನಃ ಓರೆಗೆರೆಯ ಎ. ಯೂನಿಕೋಡ್‌ನಲ್ಲಿ ಅದೇ ಪದವು ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು. ಯು.ಟಿ.ಎಫ್.-8ರಲ್ಲಿ ಇವು ಒಟ್ಟು 15 ಬೈಟುಗಳು. ಎರಡರ ನಡುವೆ ಒಂದು ಬೈಟಿನ ಹೋಲಿಕೆಯೂ ಇಲ್ಲದ ಕಾರಣ, ಯೂನಿಕೋಡ್ ಕೀಲಿಮಣೆಯಿಂದ ಬೆರಳಚ್ಚಿಸಿದ ಹೆಸರು ಇಂತಹ ಪುಟದಲ್ಲಿ ಎಂದಿಗೂ ಸಿಗುವುದಿಲ್ಲ. ಬ್ರೌಸರಿನ ಹುಡುಕುವ ಸೌಲಭ್ಯಕ್ಕೂ ಇದು ಅನ್ವಯಿಸುತ್ತದೆ.

ಐಕಾನ್ವ್ ಮುಂತಾದ ಸಂಕೇತ ಪರಿವರ್ತನಾ ಆದೇಶಗಳು ಇಲ್ಲಿ ನೆರವಾಗುವುದಿಲ್ಲ. ಅವುಗಳ ದೃಷ್ಟಿಯಲ್ಲಿ ಸದರಿ ಪಠ್ಯವು ಯೂರೋಪಿನ ಯಾವುದೋ ಭಾಷೆಯದು. ಇದಲ್ಲದೆ ಹಳೆಯ ಸಂಕೇತವು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತದೆ. ‘ಕರ್ನಾಟಕ’ ಎಂಬಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ದಾಖಲಾಗಿರುತ್ತದೆ, ಯೂನಿಕೋಡ್‌ನಲ್ಲಿ ರಕಾರವು ನಕಾರಕ್ಕೆ ಮೊದಲು ಬರುತ್ತದೆ. ಆದ್ದರಿಂದ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಕ್ರಮವನ್ನೂ ಬದಲಿಸಬೇಕಾಗುತ್ತದೆ. ಅರ್ಜಿದಾರರು ಕೆಳಕಂಡ ಮೂರು ಮಾರ್ಗಗಳಲ್ಲಿ ಯಾವುದಾದರೊಂದನ್ನು ಅನುಸರಿಸಬಹುದು.

ಅ) ಪಠ್ಯವನ್ನು ನುಡಿ ತಂತ್ರಾಂಶದ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿ ಹುಡುಕುವುದು. ಶ್ರೀಲಿಪಿಯಂತಹ ಇತರ ಫಾಂಟುಗಳ ಸಂಕೇತವು ಬೇರೆಯಾದುದರಿಂದ, ಯಾವ ಫಾಂಟ್ ಎಂಬುದನ್ನು ಪುಟದ ಮೂಲ ಕಡತದಲ್ಲಿ ಮೊದಲು ನೋಡಿಕೊಳ್ಳತಕ್ಕದ್ದು.

ಆ) ಪಟ್ಟಿಯ ಬದಲು ತಮ್ಮ ಹೆಸರನ್ನು ಮಾತ್ರ ಹಳೆಯ ಸಂಕೇತಕ್ಕೆ ಪರಿವರ್ತಿಸಿ, ಅದನ್ನೇ ಗ್ರೆಪ್‌ಗೆ ನೀಡುವುದು.

ಇ) ಅಂಕಿಗಳ ಮೂಲಕ ಹುಡುಕುವುದು. ನುಡಿಯ ಹಳೆಯ ಫಾಂಟುಗಳಲ್ಲಿ ಅಂಕಿಗಳು ಕನ್ನಡದಲ್ಲಿ ಕಂಡರೂ ಇಂಗ್ಲಿಷ್‌ನಲ್ಲಿ ಕಂಡರೂ ಕಡತದೊಳಗೆ ಸಾಮಾನ್ಯ ಅಂಕಿಗಳಾಗಿಯೇ ಇರುತ್ತವೆ. ಆದುದರಿಂದ ಅರ್ಜಿ ಸಂಖ್ಯೆ, ನಿವೇಶನ ಸಂಖ್ಯೆ ಅಥವಾ ಪಿನ್ ಸಂಖ್ಯೆಯಿಂದ ಹುಡುಕಿದರೆ ಪರಿವರ್ತನೆಯ ಅವಶ್ಯಕತೆಯೇ ಇರುವುದಿಲ್ಲ. ರಾಜಾಜಿನಗರಕ್ಕೆ 560010, ವಿಜಯನಗರಕ್ಕೆ 560040, ಕೆಂಗೇರಿಗೆ 560060, ಬಸವೇಶ್ವರನಗರಕ್ಕೆ 560079 ಪಿನ್ ಸಂಖ್ಯೆಗಳಾಗಿವೆ. ಮೂರು ಅಂಕಿಗಳ ನಂತರ ತೆರಪು ಬಿಟ್ಟಿರುವ ಸಾಧ್ಯತೆಯನ್ನೂ ಗಮನಿಸುವುದು.

5. ಯೂನಿಕೋಡ್ ಪುಟಗಳಲ್ಲಿಯೂ ಹೆಸರು ದೊರೆಯದಿರಲು ಕಾರಣಗಳು

ರಾಜ್ಯ ಸರ್ಕಾರವು 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು. ಆದಾಗ್ಯೂ ಕೆಳಕಂಡ ಕಾರಣಗಳಿಂದ ಹುಡುಕಾಟ ವಿಫಲವಾಗಬಹುದು.

ಅ) ಅಗೋಚರ ಚಿಹ್ನೆ: ‘ಡಾ. ರಾಜ್‌ಕುಮಾರ್ ರಸ್ತೆ’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಒತ್ತಕ್ಷರವಾಗದಂತೆ ತಡೆಯುವ ಕಾಣದ ಚಿಹ್ನೆಯೊಂದು ನಡುವೆ ಇರುತ್ತದೆ. ಪಟ್ಟಿಯಲ್ಲಿ ಇದು ಇದ್ದು ಹುಡುಕುವ ಪದದಲ್ಲಿ ಇಲ್ಲದಿದ್ದರೆ ಎರಡೂ ಹೊಂದುವುದಿಲ್ಲ. ಹೆಸರಿನ ಒಂದು ಭಾಗವನ್ನು ಮಾತ್ರ ಹುಡುಕುವುದು ಸುಲಭ ಉಪಾಯ.

ಆ) ಕೊನೆಯ ವಿರಾಮ: ‘ಕುಮಾರ್’ ಎಂದು ಹುಡುಕಿದರೆ ‘ಕುಮಾರ’ ದೊರೆಯದು. ‘ಕುಮಾರ’ ಎಂದು ಹುಡುಕಿದರೆ ಎರಡೂ ದೊರೆಯುತ್ತವೆ. ವಿರಾಮವಿಲ್ಲದ ರೂಪವನ್ನೇ ಬಳಸುವುದು.

ಇ) ದೀರ್ಘ ಸ್ವರಚಿಹ್ನೆ: ‘ಕೆಂಗೇರಿ’ಯ ‘ಗೇ’ ಮತ್ತು ‘ಗೋವಿಂದರಾಜನಗರ’ದ ‘ಗೋ’ ಅಕ್ಷರಗಳ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ, ಬಿಡಿ ಭಾಗಗಳಾಗಿಯೂ ದಾಖಲಿಸಲು ಸಾಧ್ಯ. ಕಣ್ಣಿಗೆ ವ್ಯತ್ಯಾಸ ತಿಳಿಯದು. ಐ.ಸಿ.ಯು. ಸಂಗ್ರಹದ ಯುಕಾನ್ವ್ ಆದೇಶದಿಂದ ಪಠ್ಯವನ್ನು ಎನ್.ಎಫ್.ಸಿ. ಎಂಬ ಏಕರೂಪಕ್ಕೆ ತಂದು ನಂತರ ಹುಡುಕುವುದು.

ಈ) ಅಂಕಿಗಳು: ಯೂನಿಕೋಡ್‌ನಲ್ಲಿ ಕನ್ನಡದ ಅಂಕಿ ಮತ್ತು ಸಾಮಾನ್ಯ ಅಂಕಿಗಳ ಸಂಕೇತಗಳು ಬೇರೆಬೇರೆ. ಎರಡು ಬಗೆಯಲ್ಲಿಯೂ ಹುಡುಕತಕ್ಕದ್ದು.

ಉ) ತೆರಪು ಮತ್ತು ಇನಿಷಿಯಲ್: ‘ಬಸವೇಶ್ವರನಗರ’ ಮತ್ತು ‘ಬಸವೇಶ್ವರ ನಗರ’ ಎರಡೂ ರೂಢಿಯಲ್ಲಿವೆ. ಇನಿಷಿಯಲ್‌ಗಳು ಹೆಸರಿನ ಮೊದಲೂ ಬರಬಹುದು, ಕೊನೆಯಲ್ಲಿಯೂ ಬರಬಹುದು. ಹೆಸರನ್ನು ಮಾತ್ರ ನೀಡುವುದು ಸೂಕ್ತ.

ಊ) ಸಂಸ್ಥೆಯ ಹೆಸರು: ಕೆಂಗೇರಿಯು 2007ರವರೆಗೆ ಪುರಸಭೆಯಾಗಿದ್ದು, ಆ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರ ಸೆಪ್ಟೆಂಬರ್‌ನಿಂದ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರಪಾಲಿಕೆಗಳಿವೆ. ಹಳೆಯ ಪುಟಗಳಲ್ಲಿ ಆಯಾ ಕಾಲದ ಹೆಸರೇ ಇರುತ್ತದೆ.

6. ಪಠ್ಯವೇ ದೊರೆಯದಿದ್ದಲ್ಲಿ

ಕೆಲವು ಪುಟಗಳಲ್ಲಿ ಪಟ್ಟಿಯನ್ನು ಸ್ಕ್ರಿಪ್ಟ್ ಮೂಲಕ ನಂತರ ತುಂಬಿಸಲಾಗುತ್ತದೆ. ಕರ್ಲ್ ತಂದ ಕಡತದಲ್ಲಿ ಅದು ಇರುವುದಿಲ್ಲ. ಅಂತಹ ಪುಟವನ್ನು ಬ್ರೌಸರಿನಲ್ಲಿ ಪೂರ್ಣವಾಗಿ ತೆರೆದ ನಂತರ ಉಳಿಸಿಕೊಳ್ಳತಕ್ಕದ್ದು. ಮುದ್ರಿತ ಹಾಳೆಯ ಛಾಯಾಚಿತ್ರವನ್ನು ಪ್ರಕಟಿಸಿದ್ದಲ್ಲಿ ಅದರಲ್ಲಿ ಪಠ್ಯವೇ ಇರುವುದಿಲ್ಲ. ಟೆಸರಾಕ್ಟ್‌ನಂತಹ ಅಕ್ಷರ ಗುರುತಿಸುವ ತಂತ್ರಾಂಶವು ಕನ್ನಡವನ್ನು ಓದಬಲ್ಲದಾದರೂ ಒತ್ತಕ್ಷರಗಳಲ್ಲಿ ತಪ್ಪುವುದುಂಟು. ಅದನ್ನು ನಂಬಿ ಹೆಸರಿಲ್ಲವೆಂದು ತೀರ್ಮಾನಿಸಬಾರದು.

ಈ ಸಂದರ್ಭಗಳಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲಿಯೇ ಅರ್ಜಿ ಸಲ್ಲಿಸಬಹುದು. ರಾಜ್ಯದಲ್ಲಿ ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಅಧಿನಿಯಮದ 7(9)ನೇ ಪ್ರಕರಣದಂತೆ, ಕಚೇರಿಯ ಸಂಪನ್ಮೂಲಗಳಿಗೆ ಮಿತಿಮೀರಿದ ಹೊರೆಯಾಗದಿದ್ದಲ್ಲಿ, ಮಾಹಿತಿಯನ್ನು ಸಾಮಾನ್ಯವಾಗಿ ಕೋರಿದ ರೂಪದಲ್ಲಿಯೇ ಒದಗಿಸಬೇಕು. ಆದುದರಿಂದ ‘ಯೂನಿಕೋಡ್ ಪಠ್ಯವಿರುವ ವಿದ್ಯುನ್ಮಾನ ಕಡತ’ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ, ಆಕ್ಷೇಪಣೆಯ ಕೊನೆಯ ದಿನಾಂಕ ಅದಕ್ಕಿಂತ ಮೊದಲಿದ್ದಲ್ಲಿ ಕಚೇರಿಗೆ ಖುದ್ದಾಗಿ ತೆರಳಿ ಮುದ್ರಿತ ಪಟ್ಟಿಯನ್ನು ನೋಡತಕ್ಕದ್ದು.

7. ಸೂಚನೆಗಳು

ಅ) ಹೊರತೆಗೆದ ಪಠ್ಯವು ಅಧಿಕೃತ ದಾಖಲೆಯಲ್ಲ. ಮನವಿ ಅಥವಾ ಮೇಲ್ಮನವಿಯೊಂದಿಗೆ ಮೂಲ ಪುಟದ ಮುದ್ರಿತ ಪ್ರತಿ ಅಥವಾ ದೃಢೀಕೃತ ಪ್ರತಿಯನ್ನು ಲಗತ್ತಿಸತಕ್ಕದ್ದು.

ಆ) ಪಟ್ಟಿಗಳಲ್ಲಿ ಇತರ ನಾಗರಿಕರ ವಿವರಗಳೂ ಇರುತ್ತವೆ. ಅವುಗಳನ್ನು ಪ್ರತ್ಯೇಕಿಸಿ ಹಂಚುವುದು ಅಥವಾ ಮರುಪ್ರಕಟಿಸುವುದು ಸಲ್ಲದು.

ಇ) ಅನೇಕ ಪುಟಗಳನ್ನು ಒಟ್ಟಿಗೆ ತರುವಾಗ ಪ್ರತಿ ಪುಟದ ನಡುವೆ ಕೆಲವು ಕ್ಷಣಗಳ ಅಂತರವಿರಲಿ. ಕೊನೆಯ ದಿನಗಳಲ್ಲಿ ಅದೇ ತಾಣವನ್ನು ಇತರ ಅರ್ಜಿದಾರರೂ ಬಳಸುತ್ತಿರುತ್ತಾರೆ.

ಈ) ಹೆಸರು, ಹೆಸರಿನ ಭಾಗ, ಅರ್ಜಿ ಸಂಖ್ಯೆ ಮತ್ತು ಪಿನ್ ಸಂಖ್ಯೆ, ಈ ನಾಲ್ಕರಿಂದಲೂ ಹುಡುಕಿ, ಪಟ್ಟಿಯನ್ನು ಒಮ್ಮೆ ಕಣ್ಣಿನಿಂದಲೂ ಓದಿದ ನಂತರವೇ ಹೆಸರು ಬಿಟ್ಟುಹೋಗಿದೆ ಎಂಬ ನಿರ್ಧಾರಕ್ಕೆ ಬರತಕ್ಕದ್ದು. ಹಾಗೆ ಬಿಟ್ಟುಹೋಗಿದ್ದಲ್ಲಿ, ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆಯತಕ್ಕದ್ದು.