ಉಡುಪಿ ಸೀಮೆಯ ಜ್ವರಪಥ್ಯ

ಕಾಪುವಿನ ಕಡಲತಡಿಯಿಂದ ಕಾರ್ಕಳದವರೆಗಿನ ಈ ಸೀಮೆಯಲ್ಲಿ, ಮುಂಬಯಿಯಿಂದಾಗಲಿ ಕೊಲ್ಲಿ ದೇಶಗಳಿಂದಾಗಲಿ ಜ್ವರಪೀಡಿತನಾಗಿ ಮರಳಿದವನಿಗೆ ಮನೆಯವರು ಮೊದಲು ಕೊಡುತ್ತಿದ್ದುದು, ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ, ಉಪ್ಪಿನ ಹರಳೊಂದನ್ನು ಕದಡಿದ ಬಿಸಿ ಗಂಜಿತಿಳಿಯನ್ನೇ. 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡರು ಉಡುಪಿಯಲ್ಲಿ ಆಸ್ಪತ್ರೆಯನ್ನು ತೆರೆದರು, 1953ರಲ್ಲಿ ಟಿ. ಎಂ. ಎ. ಪೈಗಳು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಆದರೂ ಅಂಥ ಜ್ವರಗಳಲ್ಲೊಂದಾದ ಡೆಂಗಿಯ ವೈರಾಣುವನ್ನೇ ನಾಶಗೊಳಿಸುವ ಮದ್ದು ಇಂದಿಗೂ ಇಲ್ಲದಿರುವುದರಿಂದ, ಪ್ಲೇಟ್‌ಲೆಟ್‌ಗಳನ್ನು ಎಣಿಸುವ ವೈದ್ಯರೂ ದ್ರವಾಹಾರವನ್ನೂ ವಿಶ್ರಾಂತಿಯನ್ನೂ ವಿಧಿಸುವರು. ಜ್ವರವಿಳಿದ ಬಳಿಕದ ಒಂದೆರಡು ದಿನಗಳೇ ಅಪಾಯಕರವಾದುದರಿಂದ, ರೋಗಿಯನ್ನು ಹಾಸಿಗೆ ಬಿಟ್ಟೇಳಗೊಡದ ಅಜ್ಜಿಯರ ಹಟವು ನನಗೆ ಪೂಜ್ಯವಾಗಿಯೇ ತೋರುತ್ತದೆ. ಕಾರ್ಕಳದ ತೋಟಗಳಲ್ಲಿ ಮಳೆನೀರು ನಿಂತ ಅಡಕೆಹಾಳೆ, ರಬ್ಬರಿನ ಚಿಪ್ಪುಗಳಲ್ಲಿ ಹಗಲು ಕಚ್ಚಿ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಮರಿಮಾಡುವುದು. ಅವನ್ನು ಬೋರಲಿಡಿರೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೂ ಹೋಗಿ ಹೇಳುತ್ತಿರುವರು.